ಸಿಲಿಂಡರಿಗೆ ಲಂಗ, ಅಪ್ಪನಿಗೆ ಚೀಲ

ನಮ್ಮ ಮನೆಯ ಗ್ಯಾಸ್ ಸಿಲಿಂಡರು ಲಂಗ ಉಡುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಸೊಂಟಕ್ಕೆ ಲಾಡಿ, ಕೆಳಗೆ ಒತ್ತೊತ್ತಾಗಿ ನೆರಿಗೆ, ಅಂಚಿಗೆ ಅವ್ವನ ಹಳೆಯ ಇಳಕಲ್ ಸೀರೆಯ ದಡಿ. ಸಿಲಿಂಡರ್ ಬದಲಿಸಲು ಬರುತ್ತಿದ್ದ ಮನುಷ್ಯ ಆ ಲಾಡಿಗೆ ಕೈಹಾಕಲು ನಾಚಿಕೊಂಡು, "ಅಕ್ಕಾ, ನೀವೇ ತೆಗ್ದು ಕೊಟ್ಬಿಡಿ" ಎಂದು ಬಾಗಿಲ ಬಳಿಯೇ ನಿಲ್ಲುತ್ತಿದ್ದ. ಅವ್ವ ಒಳಗೆ ಹೋಗಿ ಲಂಗ ಬಿಚ್ಚಿ, ಮಡಿಸಿಟ್ಟು, ಆಮೇಲೆ ಅವನನ್ನು ಕರೆಯುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಆಗ ನಾವು ಪೀಣ್ಯದಲ್ಲಿದ್ದೆವು. ಬೀದಿಯ ಒಂದು ಬದಿಗೆ ಬಾಡಿಗೆ ಮನೆಗಳು, ಇನ್ನೊಂದು ಬದಿಗೆ ಶೆಡ್ಡುಗಳು. ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣ ಕೊರೆಯುವ ಸದ್ದು, ಕಿಟಕಿಯ ಮೇಲೆ ಕಪ್ಪು ಪುಡಿ. ಆ ಪುಡಿಯೇ ಅವ್ವನ ಹೊಲಿಗೆಗೆ ನೆಪ. "ಧೂಳು ಕೂರ್ತೈತಿ" ಎಂದು ಅವಳು ಒಮ್ಮೆ ಒಂದು ವಸ್ತುವಿನತ್ತ ನೋಡಿದಳೆಂದರೆ ಮುಗಿಯಿತು, ಮೂರು ದಿನದಲ್ಲಿ ಅದಕ್ಕೆ ಅಂಗಿ ಸಿದ್ಧ. ಸುತ್ತಲಿನ ಗಾರ್ಮೆಂಟ್ಸಿನವರ ತುಂಡು ಬಟ್ಟೆ ಕೆ.ಜಿ. ಲೆಕ್ಕದಲ್ಲಿ ಸಿಗುತ್ತಿತ್ತು. ಯಾವುದೋ ಚಳಿದೇಶದ ಮಕ್ಕಳ ಪೈಜಾಮಕ್ಕೆಂದು ಅಚ್ಚಾದ ಜಿಂಕೆಗಳು ನಮ್ಮ ಮಿಕ್ಸಿಯ ಮೇಲೆ ಓಡುತ್ತಿದ್ದವು. ಟೀವಿಗೆ ಪರದೆ, ಪರದೆಗೆ ಝಾಲರಿ. ಫೋನಿಗೆ ಟೊಪ್ಪಿಗೆ. ರಿಮೋಟಿಗೆ ಪ್ಲಾಸ್ಟಿಕ್ ಕಿಟಕಿ ಇರುವ ಕವಚ; ಅದರೊಳಗಿನ ಗುಂಡಿ ಒತ್ತಬೇಕಾದರೆ ಕಮ್ಮಾರನ ಹೆಬ್ಬೆರಳು ಬೇಕಿತ್ತು. ಟ್ಯಾಂಕರಿನ ನೀರು ಸೋಸಲು ನಲ್ಲಿಯ ಬಾಯಿಗೊಂದು ಚೀಲ. ಅದೊಂದನ್ನು ನಾನು ಬೈಯಲಾರೆ, ಎರಡು ದಿನಕ್ಕೊಮ್ಮೆ ಅದರಲ್ಲಿ ಸಿಗುತ್ತಿದ್ದ ಕೆಸರನ್ನು ನಾನೇ ನೋಡಿದ್ದೇನೆ.

ಸ್ಕೂಟರಿನ ಎರಡು ಕನ್ನಡಿಗಳಿಗೂ ಅವಳು ಕುಲಾವಿ ಹೊಲಿದಿದ್ದಳು. ಒಂದು ದಿನ ಅಪ್ಪ ಅವನ್ನು ತೆಗೆಯಲು ಮರೆತು ಹಾಗೆಯೇ ಕೆಲಸಕ್ಕೆ ಹೋದ. ಫ್ಯಾಕ್ಟರಿಯ ಗೇಟಿನಲ್ಲಿ ಜನ, ಸ್ಕೂಟರಿಗೆ ಕಿವಿನೋವೇ ಎಂದು ಕೇಳಿದರಂತೆ. ಸಂಜೆ ಬಂದವನೇ ಎರಡು ಕುಲಾವಿಗಳನ್ನೂ ಅವ್ವನ ಮುಂದೆ ಎಸೆದು, "ಇದು ಮನೆನಾ, ಬಾಣಂತನದ ಆಸ್ಪತ್ರೆನಾ?" ಎಂದು ಕೂಗಾಡಿದ. ಅವ್ವ ಅವನ್ನು ಒಗೆದು, ಒಣಗಿಸಿ, ಮರುದಿನ ಮತ್ತೆ ಕನ್ನಡಿಗೆ ಹಾಕಿದಳು.

ಅಪ್ಪನ ಬಗ್ಗೆ ಹೇಳಬೇಕು. ಅವನು ಪೀಣ್ಯದ ಒಂದು ಸಣ್ಣ ಇಂಜಿನಿಯರಿಂಗ್ ಘಟಕದಲ್ಲಿ ಇನ್‌ಸ್ಪೆಕ್ಟರ್. ಪೊಲೀಸ್ ಅಲ್ಲ, ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಅಥವಾ ರಿಜೆಕ್ಟು ಎಂದು ಹೇಳುವವನು. ಕೂದಲೆಳೆಯ ದಪ್ಪವನ್ನೂ ಹೇಳಬಲ್ಲ ವರ್ನಿಯರ್ ಎಂಬ ಉಕ್ಕಿನ ಅಳತೆಪಟ್ಟಿ ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಆ ರೋಗ ಮನೆಗೂ ಬಂದಿತ್ತು. ಅವ್ವ ಹೊಲಿದದ್ದನ್ನೆಲ್ಲ ಅವನು ಬೆಳಕಿಗೆ ಹಿಡಿದು, ತಿರುವಿ, ಅಳೆದು, "ಎರಡು ಎಂಎಂ ಔಟ್. ರಿಜೆಕ್ಟ್" ಎನ್ನುತ್ತಿದ್ದ. ರೊಟ್ಟಿಯನ್ನೂ ಬಿಡುತ್ತಿರಲಿಲ್ಲ. ಅವನ ಬಾಯಿಂದ ಪಾಸು ಎಂಬ ಮಾತು ಅವ್ವ ಕೇಳಿದವಳಲ್ಲ. ಅವಳ ಹೊಲಿಗೆ ಮಿಷನ್ನನ್ನು ಅವನು ಮಿಷನ್ ಎಂದೇ ಒಪ್ಪುತ್ತಿರಲಿಲ್ಲ. ಆಯುಧಪೂಜೆಯ ದಿನ ಅದಕ್ಕೊಂದು ಕುಂಕುಮದ ಬೊಟ್ಟಿಟ್ಟರೆ ದೊಡ್ಡದು.

ಅವನು ಅಳೆಯದೆ ತೆಗೆದುಕೊಳ್ಳುತ್ತಿದ್ದುದು ಒಂದೇ. ನಾವು ಲಿಂಗವಂತರು. ಅಪ್ಪ ಇಷ್ಟಲಿಂಗವನ್ನು ಅವ್ವ ಹೊಲಿದ ಪುಟ್ಟ ಬಟ್ಟೆಯ ಚೀಲದಲ್ಲಿಟ್ಟು, ದಾರ ಕಟ್ಟಿ, ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಅದು ಎದೆಯ ಮೇಲೆ ಇರಬೇಕು, ಹೊಕ್ಕುಳಿನಿಂದ ಕೆಳಗೆ ಇಳಿಯಬಾರದು. ದಾರದ ಉದ್ದ ಅವ್ವನಿಗೆ ಕಣ್ಣಳತೆಯಲ್ಲೇ ಗೊತ್ತು. ಆ ಚೀಲಕ್ಕೆ ವರ್ನಿಯರ್ ಹಿಡಿಯುವ ಧೈರ್ಯ ಅಪ್ಪನಿಗೂ ಇರಲಿಲ್ಲ. ಹಾಗೆಂದು ಚೆನ್ನಾಗಿದೆ ಎಂದೂ ಹೇಳಲಿಲ್ಲ. ಕಣ್ಣಿಗೊತ್ತಿಕೊಂಡು ಹಾಕಿಕೊಳ್ಳುತ್ತಿದ್ದ, ಅಷ್ಟೇ.

ಇನ್ನು ಮಗಳು ನಾನು. ಮಹದೇವಪುರದ ಒಂದು ಸಾಫ್ಟ್‌ವೇರ್ ಕಂಪನಿಯ ಎಚ್ಆರ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಸೇರುವವರ ಕೊರಳಿಗೆ ಕಂಪನಿಯ ಹೆಸರಿರುವ ನೀಲಿ ಪಟ್ಟಿ ಹಾಕಿ ಅದಕ್ಕೆ ಐಡಿ ಕಾರ್ಡು ಸಿಕ್ಕಿಸುವುದು, ಹೋಗುವವರ ಕೊರಳಿನಿಂದ ಅದನ್ನು ಕಳಚಿಸುವುದು ನನ್ನ ಕೆಲಸ. ಇದಕ್ಕೆ ಎರಡು ವರ್ಷ ಎಂಬಿಎ ಓದಿದ್ದೆ. ಅಪ್ಪ ನಿವೃತ್ತನಾದ ಮೇಲೆ ದೊಡ್ಡನೆಕ್ಕುಂದಿಯಲ್ಲಿ ಒಂದು ಫ್ಲ್ಯಾಟ್ ಕೊಂಡು ಇಬ್ಬರನ್ನೂ ಕರೆತಂದೆ. ಅವ್ವ ಮಿಷನ್ನಿನೊಂದಿಗೆ ಬಂದಳು. ಏಳನೇ ಮಹಡಿಯಲ್ಲಿ ಧೂಳಿಲ್ಲ ಎಂದು ನಾನು ಹೇಳಿದ್ದನ್ನು ಅವಳು ನಂಬಲಿಲ್ಲ. ಬಂದ ತಿಂಗಳಲ್ಲೇ ನನ್ನ ಇಂಟರ್ನೆಟ್ ಪೆಟ್ಟಿಗೆಗೆ ಕೌದಿಯಂಥ ಹೊದಿಕೆ ಹೊಲಿದು ಹಾಕಿದಳು. ಅದು ಒಳಗೊಳಗೇ ಕಾದು, ನಾನು ಅಮೆರಿಕದವರೊಂದಿಗೆ ಮಾತಾಡುತ್ತಿದ್ದಾಗಲೇ ಸತ್ತುಹೋಯಿತು.

"ಅವ್ವಾ, ಅದಕ್ಕೆ ಗಾಳಿ ಬೇಕು! ಹೊದಿಸಬಾರದು!" ಎಂದು ಕೂಗಿದೆ.

"ಮೈ ಬಿಸಿ ಇತ್ತು. ನಡುಗ್ತಾ ಬೇರೆ ಇತ್ತು, ದೀಪ ಹಂಗೆ ಪಟಪಟ ಅಂತಿತ್ತು. ಜ್ವರದವರಿಗೆ ಹೊದಿಸದೆ ಇನ್ನೇನ್ ಮಾಡ್ಲಿ?" ಎಂದಳು ಅವ್ವ. ಈ ಕಥೆಯನ್ನು ನಾನು ಆಫೀಸಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಊಟದ ಮೇಜಿನಲ್ಲಿ ನನಗೆ ಸ್ವಲ್ಪ ಮರ್ಯಾದೆ ಸಿಗುತ್ತಿದ್ದುದೇ ಅವ್ವನ ಹೊಲಿಗೆಯ ಖರ್ಚಿನಲ್ಲಿ.

ನಾಲ್ಕೈದು ವರ್ಷ ಹೀಗೇ ನಡೆಯಿತು. ಆಮೇಲೆ ಅಪ್ಪನಿಗೆ ಮೂತ್ರ ಕಟ್ಟಿಕೊಂಡಿತು. ಪ್ರಾಸ್ಟೇಟ್ ಎಂದರು. ಆಪರೇಷನ್ ತಡೆಯುವಷ್ಟು ಹೃದಯ ಗಟ್ಟಿ ಇಲ್ಲ ಎಂದರು. ಕೊನೆಗೆ ಒಂದು ನಳಿಕೆ ಹಾಕಿ, ಅದರ ತುದಿಗೆ ಪ್ಲಾಸ್ಟಿಕ್ ಚೀಲ ತಗುಲಿಸಿ, "ಇನ್ಮೇಲೆ ಇದು ಇರುತ್ತೆ ಸಾರ್, ಅಭ್ಯಾಸ ಆಗುತ್ತೆ" ಎಂದು ಕಳಿಸಿದರು. ಪಾರದರ್ಶಕ ಚೀಲ. ಅದರಲ್ಲಿ ಹಳದಿ ನೀರು, ಪಕ್ಕದಲ್ಲಿ ಎಂಎಲ್ ಗುರುತುಗಳು. ಅದನ್ನು ಕೈಯಲ್ಲಿ ತೂಗಿಸಿಕೊಂಡು ಅಪ್ಪ ಲಿಫ್ಟಿನಿಂದ ಮನೆಗೆ ಬಂದ ಆ ಇಪ್ಪತ್ತು ಹೆಜ್ಜೆಯೇ ಕೊನೆ. ಎದುರು ಮನೆಯ ಮಗು, "ತಾತ, ಜ್ಯೂಸಾ?" ಎಂದು ಕೇಳಿತು. ಅದರ ತಾಯಿ ಮಗುವಿನ ಬಾಯಿ ಮುಚ್ಚಿ ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಅಪ್ಪ ಅಂದಿನಿಂದ ಹೊಸ್ತಿಲು ದಾಟಲಿಲ್ಲ.

ಬಾಲ್ಕನಿಯಲ್ಲಿ ಕೂತು ಕೆಳಗೆ ವಾಕಿಂಗ್ ಮಾಡುವವರನ್ನು ನೋಡುತ್ತಿದ್ದ. ಮನೆಗೆ ಯಾರಾದರೂ ಬಂದರೆ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಲಿಂಗಪೂಜೆಗೂ ಕೂರಲಿಲ್ಲ; ಕೊರಳಿನ ಚೀಲ ಬಿಚ್ಚಿ ದೇವರ ಗೂಡಿನಲ್ಲಿಟ್ಟ. ಅವ್ವ, "ಲಿಂಗ ಕಟ್ಟಿಕೊಂಡವರಿಗೆ ಮೈಲಿಗೆ ಎಲ್ಲಿಂದ ಬರ್ತೈತ್ರಿ?" ಎಂದು ವಾದಿಸಿದಳು. "ನಿಂಗೇನ್ ಗೊತ್ತು, ಸುಮ್ನಿರು" ಎಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎಂಬ ಗಾದೆಯನ್ನು ಅವನು ಆ ದಿನಗಳಲ್ಲಿ ದಿನಕ್ಕೆರಡು ಸಲ ಹೇಳುತ್ತಿದ್ದ, ಊಟಕ್ಕೆ ಮುಂಚೆ ಒಮ್ಮೆ, ಊಟದ ನಂತರ ಒಮ್ಮೆ.

ಆಯುಧಪೂಜೆಗೆ ಒಂದೂವರೆ ತಿಂಗಳಿತ್ತು. ನಿವೃತ್ತನಾದ ಮೇಲೂ ಅಪ್ಪ ಪ್ರತಿವರ್ಷ ಆ ದಿನ ಪೀಣ್ಯದ ತನ್ನ ಹಳೆಯ ಘಟಕಕ್ಕೆ ಹೋಗುತ್ತಿದ್ದ. ತನ್ನ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ತಾನೇ ಹೂವಿಟ್ಟು ಬರುತ್ತಿದ್ದ. ವರ್ಷದಲ್ಲಿ ಅವನು ಮನುಷ್ಯರಂತೆ ನಗುತ್ತಿದ್ದುದು ಅದೊಂದು ದಿನ. ಈ ಸಲ ಹೋಗುವುದಿಲ್ಲ ಎಂದ. ಅವ್ವ ಅಡುಗೆಮನೆಗೆ ನನ್ನನ್ನು ಕರೆದು ಹೇಳಿದಳು:

"ಈ ಸಲ ಹೋಗ್ಲಿಲ್ಲ ಅಂದ್ರೆ ಇವರು ಇನ್ನ ಎಲ್ಲಿಗೂ ಹೋಗಲ್ಲ. ಆ ಕುರ್ಚಿಲೇ ಮುಗೀತೈತಿ. ಬರ್ದಿಟ್ಕೊ."

ನಾನು ಏನು ಮಾಡಿದೆ? ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಕಾಲಿಗೆ ಕಟ್ಟಿಕೊಳ್ಳುವ ವಿದೇಶಿ ಚೀಲ, ಬರಲು ಎಂಟು ವಾರ. ಔಷಧಿ ಅಂಗಡಿಗಳಿಗೆ ಫೋನ್ ಮಾಡಿದೆ. ಹೊಲಿಗೆ ಮಿಷನ್ ಪಕ್ಕದ ಕೋಣೆಯಲ್ಲೇ ಇತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತಿಗೆ ನನಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಅವ್ವ ಯಾರನ್ನೂ ಕೇಳದೆ ಹೊಲಿದಳು. ಕಾವಿ ಬಣ್ಣದ ಒಳ್ಳೆಯ ಬಟ್ಟೆ, ಒಳಗೆ ಹಳೆಯ ರೇನ್‌ಕೋಟಿನ ಅಸ್ತರಿ, ಮೇಲೆ ಮುಚ್ಚಳ, ಮುಚ್ಚಳಕ್ಕೆ ಗುಂಡಿ. ಪ್ಯಾಂಟಿನ ಜೇಬಿನ ತಳ ಕತ್ತರಿಸಿ ಅಲ್ಲಿ ದೊಡ್ಡದೊಂದು ಕಾಜಾ ಹೊಲಿದಳು, ನಳಿಕೆ ಹೊರಬರಲು. ಒಪ್ಪುವಂಥ ಕೆಲಸ. ಚೀಲದ ದಾರವನ್ನು ಕಣ್ಣಳತೆಯಲ್ಲೇ ಕತ್ತರಿಸಿದಳು. ಅಪ್ಪ ಮೂರು ದಿನ ಗೊಣಗಿ, ನಾಲ್ಕನೇ ದಿನ ಬೆಳಿಗ್ಗೆ ಅದನ್ನು ಕೊರಳಿಗೆ ಹಾಕಿಕೊಂಡ. ಚೀಲ ಬಂದು ಸರಿಯಾಗಿ ಎದೆಯ ಮೇಲೆ ಕೂತಿತು. ಲಿಂಗ ಎಲ್ಲಿರುತ್ತಿತ್ತೋ ಅಲ್ಲೇ.

ಈಗ ನೀವು ನಗಬಹುದು. ಮೂತ್ರದ ಚೀಲ ಎದೆಯ ಮೇಲೆ! ಆದರೆ ಗಂಡನ ಕೊರಳಿಗೆ ಏನನ್ನೇ ಹೊಲಿದು ಹಾಕಿದರೂ ಅದು ಹೊಕ್ಕುಳಿನಿಂದ ಮೇಲಿರಬೇಕು ಎಂದು ಅವ್ವನ ಕೈಗೆ ಅಭ್ಯಾಸವಾಗಿತ್ತು. ಅಪ್ಪನ ಎದೆಗೂ ಅಭ್ಯಾಸವಾಗಿತ್ತು. ಜೀವಮಾನವಿಡೀ ಪೈಪಿನಲ್ಲಿ ಎಣ್ಣೆ ಹರಿಯುವುದನ್ನು ನೋಡಿದ ಇನ್‌ಸ್ಪೆಕ್ಟರ್ ಒಬ್ಬ, ಎಂಬಿಎ ಓದಿದವಳು ಒಬ್ಬಳು, ನಲ್ಲಿಗೆ ಚೀಲ ಕಟ್ಟಿದವಳು ಒಬ್ಬಳು, ಮೂವರೂ ನಿಂತು ಕನ್ನಡಿಯಲ್ಲಿ ನೋಡಿ ಚೆನ್ನಾಗಿದೆ ಎಂದುಕೊಂಡೆವು. ನೀರು ಮೇಲಕ್ಕೆ ಹತ್ತುವುದಿಲ್ಲ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಕೆಳಗೆ ಇಳಿದೆವು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಎದುರಾಗಿ, "ಏನ್ ಅಂಕಲ್, ಹೊಸ ಕ್ಯಾಮೆರಾನಾ?" ಎಂದ. ಅಪ್ಪ ಹೌದೆಂಬಂತೆ ತಲೆಯಾಡಿಸಿದ. ಖುಷಿಯಿಂದ ಎರಡು ಸುತ್ತು ನಡೆದ. ಮೂರನೇ ಸುತ್ತಿಗೆ ಅವನ ಮುಖ ಬಿಳಿಚಿತು. ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡ, ಹಣೆಯ ಮೇಲೆ ಬೆವರು. ಕ್ಲಿನಿಕ್ಕಿಗೆ ಓಡಿದೆವು. ಅಲ್ಲಿನ ನರ್ಸು ಮುಚ್ಚಳದ ಗುಂಡಿ ಬಿಚ್ಚಿ ಒಳಗೆ ನೋಡಿ, ಅವ್ವನ ಕಡೆ ತಿರುಗಿದಳು.

"ಅಮ್ಮಾ, ಯಾರ್ ಹೇಳಿದ್ದು ನಿಮ್ಗೆ ಇದನ್ನ ಎದೆ ಮೇಲೆ ನೇತಾಕಿ ಅಂತ? ನೀರ್ ಮೇಲಕ್ಕೆ ಹತ್ತುತ್ತಾ? ಸೊಂಟಕ್ಕಿಂತ ಕೆಳಗಿರ್ಬೇಕು ಕಣಮ್ಮಾ. ಸ್ವಲ್ಪನೂ ಬುದ್ಧಿ ಬೇಡ್ವಾ?"

ನಾನು ಎಂಬಿಎ ಎಂದು ಅವಳಿಗೆ ಹೇಳಲಿಲ್ಲ. ಅವ್ವ ತಾನು ಹೊಲಿದ ಚೀಲವನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಕಾರಿನಲ್ಲಿ ಅಪ್ಪ ಒಂದೇ ಪದ ಹೇಳಿದ: "ರಿಜೆಕ್ಟ್." ಅವಳು ಅಳುತ್ತಿದ್ದುದು ಆಗ ಗೊತ್ತಾಯಿತು. ಅಪ್ಪನ ಮೇಲೆ ನನಗೆ ಅಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಆದರೆ ಬೈಯಲು ಬಾಯಿ ಬರಲಿಲ್ಲ, ಏಕೆಂದರೆ ಇಂಟರ್ನೆಟ್ ಪೆಟ್ಟಿಗೆಯ ಕಥೆ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ಒಂದು ವಾರ ಮಿಷನ್ ಸದ್ದಿಲ್ಲ. ಅಪ್ಪ ಬಾಲ್ಕನಿಯಲ್ಲಿ, ಅವ್ವ ಅಡುಗೆಮನೆಯಲ್ಲಿ. ಆಮೇಲೆ ಅವ್ವ ಒಂದು ಉಪಾಯ ಮಾಡಿದಳು. ಹಳೆಯ ಪೇಪರಿನಲ್ಲಿ ಚೀಲದ ಆಕಾರ ಕತ್ತರಿಸಿ, ಊಟದ ಮೇಜಿನ ಮೇಲೆ ಅಪ್ಪನ ವರ್ನಿಯರಿನ ಪಕ್ಕದಲ್ಲಿಟ್ಟು, ಸುಮ್ಮನೆ ಒಳಗೆ ಹೋದಳು. ಬೇಕೆಂದೇ ವಕ್ರವಾಗಿ ಕತ್ತರಿಸಿದ್ದಳು. ಅಪ್ಪ ಅರ್ಧ ಗಂಟೆ ಅತ್ತ ನೋಡದೆ ಕೂತ. ಆಮೇಲೆ ತಡೆಯಲಾಗಲಿಲ್ಲ. ವರ್ನಿಯರ್ ಎತ್ತಿಕೊಂಡ.

"ಎಡಕ್ಕೆ ಹದಿನೈದು ಎಂಎಂ ಜಾಸ್ತಿ ಐತಿ," ಎಂದು ಒಳಗೆ ಕೇಳುವಂತೆ ಹೇಳಿದ. "ಇದನ್ನ ಯಾವ ಕುರುಡ ಕತ್ತರಿಸಿದ್ದು?"

"ಗೊತ್ತಿದ್ದವರು ಹೇಳ್ಬೇಕಪ್ಪ," ಎಂದಳು ಅವ್ವ ಒಳಗಿನಿಂದ.

ಸಂಜೆಯ ಹೊತ್ತಿಗೆ ಅಪ್ಪ ಡ್ರಾಯಿಂಗ್ ತಯಾರಿಸಿದ್ದ. ಮುಂದಿನಿಂದ ಒಂದು ನೋಟ, ಪಕ್ಕದಿಂದ ಒಂದು, ಮೇಲಿನಿಂದ ಒಂದು. ಪ್ರತಿ ಅಳತೆಗೂ ಎಷ್ಟು ಹೆಚ್ಚು ಕಡಿಮೆ ಆಗಬಹುದು ಎಂಬ ಸೂಚನೆ. ನೀರಿನ ಮಟ್ಟ ನೋಡಲು ಮುಚ್ಚಳದಡಿ ಒಂದು ಕಿಂಡಿ. ಕೆಳಗೆ ಸಹಿ, ತಾರೀಖು. ಮೂತ್ರದ ಚೀಲಕ್ಕೆ ಅಂಥ ಡ್ರಾಯಿಂಗ್ ಯಾವ ದೇಶದಲ್ಲೂ ಇರಲಿಕ್ಕಿಲ್ಲ. ಒಂದೇ ಷರತ್ತು ಹಾಕಿದ: ಹೊರಗಿನಿಂದ ನೋಡಿದರೆ ಲ್ಯಾಪ್‌ಟಾಪ್ ಬ್ಯಾಗಿನಂತೆ ಕಾಣಬೇಕು. ಈ ಕಡೆ ಹೆಗಲಿಗೆ ಅಂಥದೊಂದು ಇಲ್ಲದವನನ್ನೇ ಜನ ತಿರುಗಿ ನೋಡುತ್ತಾರೆ, ಆದ್ದರಿಂದ ಅದು ಬುದ್ಧಿವಂತಿಕೆಯ ಮಾತು. ಅವ್ವ ಡ್ರಾಯಿಂಗನ್ನು ತಲೆಕೆಳಗಾಗಿ ಹಿಡಿದು ನೋಡಿ, ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ತನ್ನ ಗೇಣಿನಲ್ಲೇ ಅಳೆದು ಕತ್ತರಿಸಿದಳು.

ಹೊರಬಟ್ಟೆಗೆ ಅಪ್ಪನ ಹಳೆಯ ಫ್ಯಾಕ್ಟರಿ ಯೂನಿಫಾರ್ಮಿನ ಕಡುನೀಲಿ ಪ್ಯಾಂಟು. ಹೆಗಲಿನ ಪಟ್ಟಿಗೆ ಮಾತ್ರ ಗಟ್ಟಿಯಾದದ್ದು ಬೇಕಿತ್ತು. ನನಗೆ ಆಫೀಸಿನ ಪೆಟ್ಟಿಗೆ ನೆನಪಾಯಿತು. ರಿಸೆಷನ್ ವರ್ಷದಲ್ಲಿ ನಾವು ಕಳಿಸಿದವರ ಐಡಿ ಪಟ್ಟಿಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಬೀರುವಿನ ಮೇಲಿಟ್ಟಿದ್ದೆವು, ಯಾರೂ ಮುಟ್ಟಿರಲಿಲ್ಲ. ಒಂದು ಹಿಡಿ ತಂದು ಅವ್ವನ ಮುಂದೆ ಹಾಕಿದೆ. ಒಂದರಲ್ಲಿ ಯಾರದೋ ಪುಟ್ಟ ಗಣಪತಿಯ ಸ್ಟಿಕ್ಕರು ಇನ್ನೂ ಅಂಟಿತ್ತು.

"ಇಷ್ಟೊಂದಾ? ಇವರೆಲ್ಲ ಏನಾದ್ರು?" ಎಂದು ಕೇಳಿದಳು ಅವ್ವ.

"ಬೇರೆ ಕಡೆ ಹೋದ್ರು."

"ಎಲ್ಲಿಗೆ?"

ನನಗೆ ಗೊತ್ತಿರಲಿಲ್ಲ. ಅವರಿಗೆಲ್ಲ ಶುಭ ಹಾರೈಸಿ ನಾನೇ ಇಮೇಲ್ ಬರೆದಿದ್ದೆ, ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಅವ್ವ ಉತ್ತರಕ್ಕೆ ಕಾಯದೆ ನಾಲ್ಕು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಜೋಡಿ ಹೊಲಿಗೆ ಹಾಕಿದಳು. ಕೆಲಸ ಕಳೆದುಕೊಂಡ ನಾಲ್ವರು ಸೇರಿ ಅಪ್ಪನ ಚೀಲ ಹೊರುವಂತಾಯಿತು.

ಈ ಸಲ ಚೀಲ ಮೊಣಕಾಲಿನ ಪಕ್ಕಕ್ಕೆ ಬಂತು. ನೀರು ತನ್ನ ದಾರಿ ತಾನು ಹಿಡಿಯಿತು. ಅಪ್ಪ ಅಳೆದು ನೋಡಲಿಲ್ಲ, ರಿಜೆಕ್ಟ್ ಎನ್ನಲಿಲ್ಲ, ಏನೂ ಎನ್ನಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ಸ್ನಾನ ಮಾಡಿ, ದೇವರ ಗೂಡಿನಿಂದ ಲಿಂಗದ ಚೀಲ ತೆಗೆದು ಕೊರಳಿಗೆ ಹಾಕಿಕೊಂಡ. ಮೇಲೆ ಅದು, ಕೆಳಗೆ ಇದು. ಇಸ್ತ್ರಿ ಮಾಡಿದ ಶರ್ಟು ತೊಟ್ಟು ಸೋಫಾದ ತುದಿಯಲ್ಲಿ ಕೂತು, "ಕಾರು ಬಂತಾ?" ಎಂದ.

ಮೂವರೂ ಹೊರಟೆವು. ರಿಂಗ್ ರಸ್ತೆಯಲ್ಲಿ ಒಡೆದ ಬೂದುಗುಂಬಳದ ಮೇಲೆ ಬೈಕುಗಳು ಜಾರುತ್ತಿದ್ದವು. ಬಸ್ಸುಗಳ ಮೂತಿಗೆ ಬಾಳೆಕಂದು. ಅಪ್ಪ ದಾರಿಯುದ್ದಕ್ಕೂ ಚೀಲದ ಮೇಲೆ ಕೈಯಿಟ್ಟು ಕೂತಿದ್ದ.

ಅಪ್ಪನ ಕಾಲದಲ್ಲಿ ಆ ಘಟಕಕ್ಕೆ ಗೇಟು ಇತ್ತು, ಕಾವಲಿನವನು ಇರಲಿಲ್ಲ. ಈಗ ಮಾಲೀಕನ ಮಗ ಎಲ್ಲಿಂದಲೋ ಒಂದು ಗುಣಮಟ್ಟದ ಸರ್ಟಿಫಿಕೇಟ್ ತರಿಸಿದ್ದ, ಅದರ ಜೊತೆಗೆ ಸೆಕ್ಯುರಿಟಿ, ಕುರ್ಚಿ, ದಪ್ಪ ರಿಜಿಸ್ಟರ್ ಎಲ್ಲ ಬಂದಿದ್ದವು. ಸೆಕ್ಯುರಿಟಿಯವನು ಹೊಸಬ, ನಲವತ್ತು ದಾಟಿದವನು, ಮಾತಿನಲ್ಲಿ ಕಲಬುರಗಿ ಕಡೆಯವನೆಂದು ಗೊತ್ತಾಗುತ್ತಿತ್ತು. ಅವನು ಅಪ್ಪನ ಹೆಗಲಿನ ಪಟ್ಟಿಯ ಮೇಲಿನ ಕಂಪನಿಯ ಹೆಸರು ಓದಿ ಸಲ್ಯೂಟ್ ಹೊಡೆದ.

"ನಮಸ್ಕಾರ್ರಿ ಸರ. ಲ್ಯಾಪ್‌ಟಾಪ್ ಎಂಟ್ರಿ ಮಾಡಸ್ಬೇಕ್ರಿ. ಸೀರಿಯಲ್ ನಂಬರ್ ಹೇಳ್ರಿ."

"ಲ್ಯಾಪ್‌ಟಾಪ್ ಇಲ್ಲಪ್ಪ," ಎಂದ ಅಪ್ಪ.

"ಎಲ್ಲಾರೂ ಹಂಗೇ ಅಂತಾರ್ರಿ. ಬ್ಯಾಗ್ ತಗದು ತೋರಸ್ರಿ. ನಾ ಬಿಟ್ರ ನನ್ನ ಕೆಲಸ ಹೋಗ್ತದ್ರಿ."

ಒಳಗೆ ಅಂಗಳದಲ್ಲಿ ಹಳೆಯ ಕೆಲಸಗಾರರು ನಿಂತಿದ್ದರು. ಇಬ್ಬರು ಮೂವರು ಅಪ್ಪನ ಗುರುತು ಹಿಡಿದು ಕೈ ಬೀಸುತ್ತ ಗೇಟಿನತ್ತ ಬರುತ್ತಿದ್ದರು. ಅಪ್ಪನ ಕೈ ಚೀಲದ ಮುಚ್ಚಳವನ್ನು ಒತ್ತಿ ಹಿಡಿದದ್ದು ಕಂಡಿತು. ಇವನು ಈಗ ತಿರುಗಿ ಕಾರಿಗೆ ಹತ್ತುತ್ತಾನೆ, ಹತ್ತಿದರೆ ಇನ್ನು ಇಳಿಯುವುದಿಲ್ಲ ಎಂದು ಹೆದರಿದೆ. ನಾನು ಮುಂದೆ ನುಗ್ಗಿದೆ. ಸುಳ್ಳು ಹೇಳುವುದಕ್ಕೆ ನನಗೆ ಸಂಬಳವೇ ಕೊಡುತ್ತಾರೆ.

"ಬರ್ಕೊಳ್ಳಿ, ಬರ್ಕೊಳ್ಳಿ. ಲ್ಯಾಪ್‌ಟಾಪ್ ಒಂದು. ನಂಬರ್ ನಾನ್ ಹೇಳ್ತೀನಿ," ಎಂದು ಬಾಯಿಗೆ ಬಂದ ಅಂಕಿಗಳನ್ನು ಹೇಳತೊಡಗಿದೆ. ಅವನು ಪೆನ್ನು ತೆಗೆದು ಬರೆಯತೊಡಗಿದ.

"ಏಯ್!" ಎಂದ ಅಪ್ಪ. ಅದು ಅವನ ಇನ್‌ಸ್ಪೆಕ್ಷನ್ ಟೇಬಲ್ಲಿನ ದನಿ, ವರ್ಷಗಳಿಂದ ಕೇಳಿರಲಿಲ್ಲ. "ರಿಜಿಸ್ಟರಲ್ಲಿ ಸುಳ್ಳು ಎಂಟ್ರಿ ಮಾಡ್ಬೇಡ. ಹೊಡೆದು ಹಾಕು ಅದನ್ನ."

ಜೀವಮಾನವಿಡೀ ಒಂದು ತಪ್ಪು ಅಂಕಿ ದಾಖಲಾಗಲು ಬಿಡದ ಮನುಷ್ಯ. ಮಾನ ಹೋದರೂ ಸಹಿಸುತ್ತಾನೆ, ತಪ್ಪು ಎಂಟ್ರಿ ಸಹಿಸುವುದಿಲ್ಲ. ಚೀಲವನ್ನು ತಾನೇ ಮುಂದಕ್ಕೆ ಎಳೆದು, ಮುಚ್ಚಳ ಎತ್ತಿ, ಕಿಂಡಿ ತೋರಿಸಿದ. ಸೆಕ್ಯುರಿಟಿಯವನು ಬಗ್ಗಿ ನೋಡಿದವನು ಹಾಗೇ ಒಂದು ಹೆಜ್ಜೆ ಹಿಂದೆ ಸರಿದ.

"ಈಗ ಬರ್ಕೊ," ಎಂದ ಅಪ್ಪ. "ಐಟಂ, ಉಚ್ಚೆ ಚೀಲ. ಸಂಖ್ಯೆ, ಒಂದು. ಒಳಗೆ ಹೋಗೋವಾಗ ನೂರೈವತ್ತು ಎಂಎಲ್. ಹೊರಗೆ ಬರೋವಾಗ ನಾನೂರು ಇದ್ರೆ ಫ್ಯಾಕ್ಟರಿ ಮಾಲು ಕದ್ದ ಅಂತ ಹಿಡೀಬೇಡಪ್ಪ."

ಪಾಪ, ಅವನು ಗಾಬರಿಯಲ್ಲಿ ನಿಜಕ್ಕೂ ಬರೆಯುತ್ತಿದ್ದ. ಮಾಲು ವಾಪಸು ಹೋಗುತ್ತದೋ ಇಲ್ಲವೋ ಎಂಬ ಕೊನೆಯ ಕಾಲಂ ಬಂದಾಗ ಕೈ ಅಭ್ಯಾಸಬಲದಿಂದ ನಿಂತು, ಬಾಯಿ ಕೇಳಿಬಿಟ್ಟಿತು: "ರಿಟರ್ನಬಲ್ಲಾ, ನಾನ್ ರಿಟರ್ನಬಲ್ಲಾ ಸರ?"

"ಡಾಕ್ಟ್ರು ನಾನ್ ರಿಟರ್ನಬಲ್ ಅಂದಾರೆ," ಎಂದ ಅಪ್ಪ.

ಅಷ್ಟರಲ್ಲಿ ಗೇಟಿಗೆ ಬಂದಿದ್ದ ಹಳೆಯ ಕೆಲಸಗಾರರು ಬಗ್ಗಿ ಚೀಲ ನೋಡಿದರು. ಆಮೇಲೆ ಒಬ್ಬ ನಕ್ಕ. ಅಪ್ಪನೂ ನಕ್ಕ. ಎಲ್ಲರೂ ಸೇರಿ ಅವನನ್ನು ಒಳಗೆ ಕರೆದುಕೊಂಡು ಹೋದರು. ಪೀಣ್ಯದ ಜನಕ್ಕೆ ಯಾವ ವಸ್ತು ಸಿಕ್ಕರೂ ಅದನ್ನು ಮಾಡಿದ ಬಗೆ ನೋಡುವುದೇ ಮೊದಲು. ಪೂಜೆ ಕಾದಿತ್ತು, ಇವರು ಚೀಲದ ಹೊಲಿಗೆ ಎಳೆದು ನೋಡುತ್ತಿದ್ದರು. ಪಟ್ಟಿ ಎಷ್ಟು ಕೆ.ಜಿ. ತಡೆಯುತ್ತದೆ, ಕಿಂಡಿಯ ಅಂಚಿಗೆ ಯಾಕೆ ಎರಡು ಸಾಲು ಹೊಲಿಗೆ, ಹೀಗೆ. ಅಪ್ಪ ಎಲ್ಲಕ್ಕೂ ಉತ್ತರಿಸುತ್ತಿದ್ದ, ಡ್ರಾಯಿಂಗ್ ಬಗ್ಗೆ ಜಾಸ್ತಿಯೇ ಹೇಳಿದ. ಡ್ರಾಯಿಂಗ್ ಸಕ್ಕರೆ ಡಬ್ಬಿಯ ಕೆಳಗಿದೆ ಎಂದು ಅವ್ವ ಹೇಳಲಿಲ್ಲ. ಅವನು ತನ್ನ ಟೇಬಲ್ಲಿಗೆ ಹೂವಿಟ್ಟ, ಮಂಗಳಾರತಿ ತೆಗೆದುಕೊಂಡ, ಕಡ್ಲೆಪುರಿಯ ಪೊಟ್ಟಣ ಹಿಡಿದು ಇಡೀ ಶೆಡ್ ಸುತ್ತಿದ.

ಹೊರಡುವಾಗ ಗೇಟಿನ ಬಳಿ ಸೆಕ್ಯುರಿಟಿಯವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅಪ್ಪ ಕಾರಿನೊಳಗೆ ಕೂತಾಗಿತ್ತು. ಅವನು ಅವ್ವನ ಹತ್ತಿರ ಬಂದ.

"ಅವ್ವಾರೇ, ತಪ್ಪ ತಿಳ್ಕೋಬ್ಯಾಡ್ರಿ. ನಮ್ಮಪ್ಪಗೂ ಹಿಂಗೇ ಪೈಪ್ ಹಾಕ್ಯಾರ್ರಿ. ಊರಾಗ ಅದಾನ. ವರ್ಷಾತು, ಮನಿ ಮುಂದಿನ ಕಟ್ಟಿಗೆ ಬಂದು ಕುಂತಿಲ್ಲರೀ. ಕೋಣೆ ಬಿಟ್ಟು ಹೊರಗ ಬರವಲ್ಲ." ಕಾರಿನೊಳಗಿನ ಚೀಲದತ್ತ ಕೈ ತೋರಿಸಿ ಕೇಳಿದ, "ಇಂಥಾದ್ದು ಎಲ್ಲಿ ಸಿಗ್ತಾವ್ರಿ?"

"ಎಲ್ಲೂ ಸಿಗಲ್ಲ," ಎಂದಳು ಅವ್ವ. "ನಿಮ್ಮಪ್ಪ ಎಷ್ಟು ಎತ್ತರ?"

ಅವನು ತನ್ನ ಕಿವಿಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದ. ಅವ್ವ ನಡುರಸ್ತೆಯಲ್ಲೇ ಅವನ ಹೆಗಲಿನಿಂದ ಮೊಣಕಾಲಿನವರೆಗೆ ಗೇಣು ಹಾಕಿ ಅಳೆದು, ಎರಡು ಬೆರಳು ಕಡಿಮೆ ಮಾಡಿ ಮನಸ್ಸಿನಲ್ಲಿ ಇಟ್ಟುಕೊಂಡಳು. ಆಮೇಲೆ ನನ್ನತ್ತ ಕೈ ತೋರಿಸಿ, "ಪಟ್ಟಿ ನನ್ನ ಮಗಳು ತರ್ತಾಳೆ. ಅವಳ ಆಫೀಸಲ್ಲಿ ಬೇಕಾದಷ್ಟು ಬಿದ್ದಾ‍ವೆ" ಎಂದಳು. ನಾನು ತಲೆಯಾಡಿಸಿದೆ.

ಕಾರು ಹೊರಟಿತು. ಅಪ್ಪ ಚೀಲದ ಹೊಲಿಗೆಯ ಮೇಲೆ ಉದ್ದಕ್ಕೆ ಬೆರಳಾಡಿಸುತ್ತಿದ್ದ, ಹಿಂದೆ ಉಕ್ಕಿನ ತುಂಡುಗಳ ಅಂಚು ನೋಡುತ್ತಿದ್ದ ಹಾಗೆಯೇ. ಯಶವಂತಪುರದ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಕಿಟಕಿಯ ಆಚೆ ನೋಡುತ್ತಲೇ ಹೇಳಿದ:

"ಪಾಸ್."

ಅವ್ವ ಅವನತ್ತ ತಿರುಗಲಿಲ್ಲ.

"ಮೂವತ್ತೈದು ವರ್ಷಕ್ಕೆ ಒಂದು ಪಾಸು," ಎಂದಳು. "ಅದೂ ಉಚ್ಚೆ ಚೀಲಕ್ಕೆ."

ಆಮೇಲೆ ಹೆಬ್ಬಾಳದವರೆಗೂ ಅವಳು ತನ್ನ ಕಡೆಯ ಕಿಟಕಿಯಿಂದ ಮುಖ ತೆಗೆಯಲಿಲ್ಲ.